ಹಾಡಿನ ಧ್ವನಿಯ ಏರಿಳಿತ ಸರಿಮಾಡಲು ಯಾವುದು: ಕ್ಲಿಪ್ ಗೇನ್, 1176 ಅಥವಾ ಎಲ್‌ಎ-2ಎ?

"ವೋಕಲ್ ಮೇಲೆ ಮೊದಲು 1176, ಅದರ ಬೆನ್ನಿಗೇ ಎಲ್‌ಎ-2ಎ ಹಾಕಿ." ಮನೆಯಲ್ಲೇ ರೆಕಾರ್ಡ್ ಮಾಡುವವರು ಮಿಕ್ಸಿಂಗ್ ಬಗ್ಗೆ ಕೇಳಿದಾಗೆಲ್ಲ ಸಿಗುವ ಉತ್ತರ ಇದು. ಇವೆರಡೂ ಕಂಪ್ರೆಸರ್‌ಗಳು, ಅಂದರೆ ಜೋರು ಭಾಗಗಳನ್ನು ತಾವೇ ಒತ್ತಿ ತಗ್ಗಿಸುವ ಉಪಕರಣಗಳು. ಕ್ಲಿಪ್ ಗೇನ್ ಎಂದರೆ ಮಟ್ಟವನ್ನು ಸಾಲುಸಾಲಾಗಿ ಕೈಯಿಂದಲೇ ತಿದ್ದುವುದು. ಸಲಹೆ ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಪ್ರತಿಧ್ವನಿ ಹಿಡಿತದಲ್ಲಿರುವ ಸ್ಟುಡಿಯೊಗಳಲ್ಲಿ. ಮಲಗುವ ಕೋಣೆಯಲ್ಲಿ ಹಾಡಿದಾಗ ಧ್ವನಿಯ ಜೊತೆ ಕೋಣೆಯೂ ರೆಕಾರ್ಡ್ ಆಗುತ್ತದೆ. ಯಾವುದು ಧ್ವನಿ, ಯಾವುದು ಗೋಡೆಯಿಂದ ವಾಪಸ್ ಬಂದದ್ದು ಎಂಬುದು ಕಂಪ್ರೆಸರ್‌ಗೆ ತಿಳಿಯುವುದಿಲ್ಲ. ಈ ಹೋಲಿಕೆಯಲ್ಲಿ ಗೆಲುವು ಸೋಲು ನಿರ್ಧಾರವಾದದ್ದು ಮುಖ್ಯವಾಗಿ ಇದೊಂದು ಕಾರಣಕ್ಕೆ.

ಹೋಲಿಸಿದ್ದು ಹೀಗೆ: ಟ್ರೀಟ್‌ಮೆಂಟ್ (ಪ್ರತಿಧ್ವನಿ ಹೀರುವ ವ್ಯವಸ್ಥೆ) ಇಲ್ಲದ ಕೋಣೆ, ಬಾಯಿಂದ ಒಂದು ಗೇಣು ದೂರದಲ್ಲಿ ಕಂಡೆನ್ಸರ್ ಮೈಕ್, 24 ಬಿಟ್ 48 ಕಿಲೊಹರ್ಟ್ಸ್, ಒಂದೇ ಟೇಕ್. ಎಲ್ಲ ಪ್ರತಿಗಳಿಗೂ 80 ಹರ್ಟ್ಸ್‌ನಲ್ಲಿ ಒಂದೇ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸದ್ದನ್ನು ಕತ್ತರಿಸುವುದು). ಕೊನೆಗೆ ಎಲ್ಲವನ್ನೂ ಎಲ್‌ಯುಎಫ್‌ಎಸ್ ಮೀಟರ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾಪಕ) ನೋಡಿ ಒಂದೇ ಮಟ್ಟಕ್ಕೆ ತಂದ ಮೇಲೆಯೇ ಕೇಳಬೇಕು. ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ: ಒಂದು ಡಿಬಿ (ಡೆಸಿಬೆಲ್) ಜೋರಾಗಿರುವ ಪ್ರತಿಯೇ ಕಿವಿಗೆ ಹಿತವೆನಿಸುತ್ತದೆ, ಮತ್ತು ಮೇಕಪ್ ಗೇನ್ (ಒತ್ತಿದ ಮಟ್ಟವನ್ನು ಮತ್ತೆ ಎತ್ತುವುದು) ಏರಿಸಿದ ಕಂಪ್ರೆಸರ್ ಸಾಮಾನ್ಯವಾಗಿ ಒಂದೆರಡು ಡಿಬಿ ಜೋರಾಗಿಯೇ ಇರುತ್ತದೆ.

1176 ಮಾದರಿ

1967ರಲ್ಲಿ ಬಂದ, ಬಿಲ್ ಪಟ್ನಮ್ ವಿನ್ಯಾಸದ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಕಂಪ್ರೆಸರ್. ಇದರ ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) 20ರಿಂದ 800 ಮೈಕ್ರೊಸೆಕೆಂಡ್. ಅತಿ ನಿಧಾನ ಎಂದರೂ ಒಂದು ಮಿಲಿಸೆಕೆಂಡ್ ಒಳಗೇ. ರಿಲೀಸ್ (ಒತ್ತಡ ಬಿಡಲು ಹಿಡಿಯುವ ಸಮಯ) 50 ಮಿಲಿಸೆಕೆಂಡ್‌ನಿಂದ 1.1 ಸೆಕೆಂಡ್. ಎರಡೂ ನಾಬ್‌ಗಳು ಉಲ್ಟಾ ಎಂಬುದು ನೆನಪಿರಲಿ: 1 ಎಂದರೆ ನಿಧಾನ, 7 ಎಂದರೆ ವೇಗ. "ಅಟ್ಯಾಕ್ ನಿಧಾನ ಮಾಡಿ" ಎಂದಾಗ 7ಕ್ಕೆ ತಿರುಗಿಸಿ, ವ್ಯಂಜನಗಳೆಲ್ಲ ಮೊಂಡಾದವು ಎಂದು ಪ್ಲಗಿನ್ (ಉಪಕರಣದ ಸಾಫ್ಟ್‌ವೇರ್ ನಕಲು) ಅನ್ನು ದೂರುವವರು ಬಹಳ. ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ಒತ್ತಬೇಕೆಂಬ ಗಡಿ) ನಾಬ್ ಇಲ್ಲಿ ಇಲ್ಲ. ಇನ್‌ಪುಟ್ ಏರಿಸಿದಷ್ಟೂ ಒತ್ತುತ್ತದೆ.

ಅನುಪಾತ 4:1 (ಗಡಿ ದಾಟಿದ 4 ಡಿಬಿ 1 ಡಿಬಿಯಾಗಿ ಹೊರಬರುತ್ತದೆ), ಅಟ್ಯಾಕ್ 3, ರಿಲೀಸ್ 5, ಜೋರು ಪದಗಳಲ್ಲಿ 5ರಿಂದ 6 ಡಿಬಿ ಗೇನ್ ರಿಡಕ್ಷನ್ (ಕಂಪ್ರೆಸರ್ ತಗ್ಗಿಸಿದ ಪ್ರಮಾಣ). ಧ್ವನಿ ಒಮ್ಮೆಲೇ ಮುಂದೆ ಬಂದು ನಿಲ್ಲುತ್ತದೆ. ಗಿಟಾರ್, ಡ್ರಮ್ಸ್ ದಟ್ಟವಾಗಿರುವ ಹಾಡಿನಲ್ಲಿ ಈ ಗುಣಕ್ಕೆ ಸಾಟಿ ಬೇರೆ ಇಲ್ಲ.

ತೊಂದರೆ ಶುರುವಾಗುವುದು ಪದ ಮುಗಿದ ಮೇಲೆ. ಧ್ವನಿ ನಿಂತ ಕೂಡಲೇ ರಿಲೀಸ್ ವೇಗವಾಗಿ ಬಿಡುತ್ತದೆ, ಆ ಕ್ಷಣ ಗಾಳಿಯಲ್ಲಿ ಉಳಿದಿರುವುದು ಕೋಣೆಯ ಪ್ರತಿಧ್ವನಿ ಮಾತ್ರ. ಅದು 6 ಡಿಬಿ ಉಬ್ಬಿ ಬರುತ್ತದೆ. ಲೆಕ್ಕ ಸರಳ: ಹಾಡಿಗೂ ಕೋಣೆಯ ಗದ್ದಲಕ್ಕೂ 40 ಡಿಬಿ ಅಂತರವಿದ್ದ ಟ್ರ್ಯಾಕನ್ನು 10 ಡಿಬಿ ಒತ್ತಿ, 10 ಡಿಬಿ ಮೇಕಪ್ ಕೊಟ್ಟರೆ ಬಿಡುವುಗಳಲ್ಲಿ ಆ ಅಂತರ 30ಕ್ಕೆ ಇಳಿಯುತ್ತದೆ. ಸೋಲೊ ಮಾಡಿ ಕೇಳಿದರೆ ಡಬ್ಬದೊಳಗೆ ಹಾಡಿದಂತೆ ಇರುತ್ತದೆ. ಆಮೇಲೆ ಇಕ್ವಲೈಸರ್‌ನಿಂದ ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ.

ಸಕಾರ, ಶಕಾರಗಳೂ ಇದೇ ಕಾರಣಕ್ಕೆ ಚುಚ್ಚುತ್ತವೆ. ಕಂಪ್ರೆಸರ್ ಹೆಚ್ಚಾಗಿ ಸ್ಪಂದಿಸುವುದು ಸ್ವರಗಳ ಬಲಕ್ಕೆ. ಸ್ವರ ಮುಗಿದು "ಸ್" ಬರುವಷ್ಟರಲ್ಲಿ ಗೇನ್ ವಾಪಸ್ ಏರಿರುತ್ತದೆ. ರಿಲೀಸ್ 7ಕ್ಕೆ ಇಟ್ಟರೆ ಇದು ಇನ್ನೂ ಜಾಸ್ತಿ. ಜೊತೆಗೆ ತಗ್ಗಿನ ಸ್ವರಗಳಲ್ಲಿ ಕರಕರ ಕೇಳಿಸಬಹುದು: 100 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಬೇಕು, ಅಟ್ಯಾಕ್ ರಿಲೀಸ್ ಎರಡೂ ಅತಿ ವೇಗವಾದರೆ ಗೇನ್ ಆ ಅಲೆಯ ಏರಿಳಿತವನ್ನೇ ಹಿಂಬಾಲಿಸತೊಡಗುತ್ತದೆ.

ಎಲ್‌ಎ-2ಎ ಮಾದರಿ

ಇದು ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಕಂಪ್ರೆಸರ್. ಸಿಗ್ನಲ್ ಜೋರಾದಷ್ಟೂ ಒಳಗಿನ ಟಿ4 ಘಟಕದ ಫಲಕ ಹೊಳೆಯುತ್ತದೆ, ಎದುರಿನ ಫೋಟೊರೆಸಿಸ್ಟರ್ ಆ ಬೆಳಕಿಗೆ ತಕ್ಕಂತೆ ಮಟ್ಟ ತಗ್ಗಿಸುತ್ತದೆ. ಅಟ್ಯಾಕ್ ಸುಮಾರು 10 ಮಿಲಿಸೆಕೆಂಡ್. ರಿಲೀಸ್ ಎರಡು ಹಂತದ್ದು: ಮೊದಲ ಅರ್ಧ ಸುಮಾರು 60 ಮಿಲಿಸೆಕೆಂಡ್‌ನಲ್ಲಿ ಬಿಡುತ್ತದೆ, ಉಳಿದರ್ಧಕ್ಕೆ ಸೆಕೆಂಡುಗಳೇ ಬೇಕು. ನಿಮ್ಮ ಕೈಗೆ ಸಿಗುವುದು ಪೀಕ್ ರಿಡಕ್ಷನ್, ಗೇನ್ ಎಂಬ ಎರಡು ನಾಬ್ ಅಷ್ಟೆ.

ಆ ನಿಧಾನದ ಉತ್ತರಾರ್ಧವೇ ಮನೆಯ ರೆಕಾರ್ಡಿಂಗ್‌ಗೆ ಒಲಿಯುವ ಗುಣ. ಪದ ಮುಗಿದ ಮೇಲೆ ಗೇನ್ ಪೂರ್ತಿ ನೆಗೆಯುವುದಿಲ್ಲ, ಕೋಣೆಯ ಬಾಲ 1176ರಲ್ಲಿ ಉಬ್ಬುವಷ್ಟು ಉಬ್ಬುವುದಿಲ್ಲ, ಸಕಾರವೂ ತಕ್ಕಮಟ್ಟಿಗೆ ತಗ್ಗಿಯೇ ಇರುತ್ತದೆ. ಎಳೆದು ಹಾಡುವ ಸಾಲುಗಳಲ್ಲಿ 3ರಿಂದ 4 ಡಿಬಿ ಒತ್ತಿದರೆ ಕಂಪ್ರೆಸರ್ ಇದೆಯೆಂದೇ ಗೊತ್ತಾಗುವುದಿಲ್ಲ.

ಆದರೆ ಏರಿಳಿತ ದೊಡ್ಡದಿದ್ದರೆ ಸೋಲುತ್ತದೆ. ತಟ್ಟನೆ ಬರುವ ಜೋರು ಅಕ್ಷರ ಮೊದಲ 10 ಮಿಲಿಸೆಕೆಂಡ್‌ನಲ್ಲಿ ಹಾಗೇ ನುಸುಳಿಹೋಗುತ್ತದೆ. ಎತ್ತರದಲ್ಲಿ ದೀರ್ಘವಾಗಿ ಹಾಡಿದ ಸಾಲಿನ ಹಿಂದೆಯೇ ಮೆಲುದನಿಯ ಸಾಲು ಬಂದರೆ, ಹಿಂದಿನ ಒತ್ತಡ ಇನ್ನೂ ಬಿಟ್ಟಿರದೆ ಆ ಸಾಲಿನ ಮೊದಲ ಪದಗಳು ಮುಳುಗುತ್ತವೆ. ವೇಗವಾಗಿ ಮಾತು ಪೋಣಿಸುವ ಹಾಡಿಗೆ ಇದೊಂದೇ ಸಾಲದು.

ಈ ಎರಡರ ಪ್ಲಗಿನ್‌ಗಳಿಗೂ ಒಂದು ಎಚ್ಚರಿಕೆ: ಅನಲಾಗ್ ಉಪಕರಣದ ನಕಲುಗಳಲ್ಲಿ ಹೆಚ್ಚಿನವು ಸರಾಸರಿ ಮೈನಸ್ 18 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠ ಮಟ್ಟವೇ ಸೊನ್ನೆಯಾಗಿರುವ ಅಳತೆ) ಆಸುಪಾಸಿನ ಸಿಗ್ನಲ್ ನಿರೀಕ್ಷಿಸುತ್ತವೆ. ಸೊನ್ನೆಗೆ ತಾಗುವಂತೆ ನಾರ್ಮಲೈಸ್ ಮಾಡಿದ ಟ್ರ್ಯಾಕ್ ಕೊಟ್ಟರೆ ನಾಬ್ ತುಸು ತಿರುಗಿಸುವಷ್ಟರಲ್ಲೇ ಮೀಟರಿನ ಸೂಜಿ ಮಲಗಿಬಿಡುತ್ತದೆ.

ಕ್ಲಿಪ್ ಗೇನ್

ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹೆಸರು ಬೇರೆ ಬೇರೆ: ಪ್ರೊ ಟೂಲ್ಸ್‌ನಲ್ಲಿ ಕ್ಲಿಪ್ ಗೇನ್, ಲಾಜಿಕ್‌ನಲ್ಲಿ ರೀಜನ್ ಗೇನ್, ರೀಪರ್‌ನಲ್ಲಿ ಟೇಕ್ ವಾಲ್ಯೂಮ್ ಎನ್ವಲಪ್. ಹೆಸರು ಏನಾದರೂ ಇರಲಿ, ಟ್ರ್ಯಾಕಿನ ಪ್ಲಗಿನ್‌ಗಳಿಗೆ ಹೋಗುವ ಮೊದಲೇ ಮಟ್ಟ ಬದಲಾಗಬೇಕು. ಫೇಡರ್ ಆಟೊಮೇಶನ್ (ಟ್ರ್ಯಾಕಿನ ಮಟ್ಟ ತಾನೇ ಏರಿಳಿಯುವಂತೆ ಗುರುತು ಹಾಕಿಡುವುದು) ನಡೆಯುವುದು ಪ್ಲಗಿನ್‌ಗಳ ನಂತರ. ಕಂಪ್ರೆಸರ್‌ನ ಹೊರೆ ಅದರಿಂದ ಇಳಿಯುವುದಿಲ್ಲ.

ಮೊದಲು ಹಾಡನ್ನು ಸಾಲುಸಾಲಾಗಿ ಕತ್ತರಿಸಿ, ಪ್ರತಿ ಕೊಂಡಿಯಲ್ಲೂ 5ರಿಂದ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಂಡು ಕರಗುತ್ತ ಇನ್ನೊಂದು ಮೂಡುವುದು) ಕೊಡಿ, ಇಲ್ಲದಿದ್ದರೆ ಟಿಕ್ ಎನ್ನುತ್ತದೆ. ಜೋರು ಸಾಲುಗಳನ್ನು 2ರಿಂದ 4 ಡಿಬಿ ಇಳಿಸಿ, ಮೆಲುವಾದವನ್ನು ಏರಿಸಿ. ಆಮೇಲೆ ಎದ್ದು ಕಾಣುವ ಪದಗಳು, ನಂತರ ಸಕಾರಗಳು 3ರಿಂದ 5 ಡಿಬಿ, ಉಸಿರು 6 ಡಿಬಿ ಕೆಳಗೆ. ಉಸಿರನ್ನು ಪೂರ್ತಿ ಅಳಿಸಬೇಡಿ, ಹಾಡುವವರು ಮನುಷ್ಯರೆನಿಸುವುದಿಲ್ಲ. ಕಣ್ಣಿಗೆ ಅಲೆಗಳು ಸಮನಾಗಿ ಕಾಣುವಂತೆ ಮಾಡುವುದೂ ತಪ್ಪು. ತಾರಸ್ಥಾಯಿಯ ಸ್ವರ ಕಡಿಮೆ ಎತ್ತರದ ಅಲೆಯಲ್ಲೂ ಕಿವಿಗೆ ಜೋರು. ತಿದ್ದುವಾಗ ಹಿನ್ನೆಲೆ ಸಂಗೀತ ಕೇಳುತ್ತಲೇ ಇರಲಿ.

ಮೆಲುವಾದ ಸಾಲನ್ನು ಏರಿಸಿದರೆ ಅದರೊಳಗಿನ ಗದ್ದಲವೂ ಏರುತ್ತದೆ, ಅದು ಇಲ್ಲೂ ತಪ್ಪಿದ್ದಲ್ಲ. ಆದರೆ ಗೇನ್ ಆ ಸಾಲಿನುದ್ದಕ್ಕೂ ಒಂದೇ ಸಮ ನಿಂತಿರುತ್ತದೆ, ಪ್ರತಿ ಪದದ ಬಾಲದಲ್ಲಿ ಉಬ್ಬಿ ತಗ್ಗುವುದಿಲ್ಲ. ಕಿವಿ ಗುರುತಿಸಿ ರೇಗುವುದು ಆ ಉಬ್ಬರವಿಳಿತವನ್ನೇ. ನಾಲ್ಕು ನಿಮಿಷದ ಹಾಡಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಇದರ ನಿಜವಾದ ಕೊರತೆ ಬೇರೆ: ಕಂಪ್ರೆಸರ್ ಕೊಡುವ ಗಟ್ಟಿತನ ಇದರಿಂದ ಬರುವುದಿಲ್ಲ. ಸಾಲುಗಳು ಸಮವಾಗಿದ್ದರೂ ಪದದ ಒಳಗಿನ ಸಣ್ಣ ಏರಿಳಿತ ಹಾಗೇ ಉಳಿದು, ವಾದ್ಯಗಳ ಮಧ್ಯೆ ಧ್ವನಿ ತೆಳುವಾಗುತ್ತದೆ.

ಜೋಡಿಸಿದಾಗ

ಟ್ರೀಟ್‌ಮೆಂಟ್ ಇಲ್ಲದ ಕೋಣೆಯ ಟ್ರ್ಯಾಕ್‌ಗೆ ಎಲ್ಲದಕ್ಕಿಂತ ಚೆನ್ನಾಗಿ ಕೂತದ್ದು ಕ್ಲಿಪ್ ಗೇನ್ ಮುಗಿಸಿ, ಎಲ್‌ಎ-2ಎಯಲ್ಲಿ 3 ಡಿಬಿ ಒತ್ತಿದ ಪ್ರತಿ. ದಟ್ಟ ಹಾಡಾದರೆ ನಡುವೆ 1176 ಸೇರಿಸಬಹುದು, ಆದರೆ ಶಿಖರಗಳಲ್ಲಿ ಮಾತ್ರ 2 ಡಿಬಿ ಮುಟ್ಟುವಷ್ಟು, ರಿಲೀಸ್ 4 ದಾಟದಂತೆ. ಕೈಕೆಲಸವಿಲ್ಲದೆ ನೇರವಾಗಿ ಎರಡು ಕಂಪ್ರೆಸರ್ ಹಾಕಿದ ಪ್ರತಿಯಲ್ಲಿ ಧ್ವನಿ ಅಷ್ಟೇ ಸಮವಾಗಿತ್ತು, ಕೋಣೆ ಮಾತ್ರ ಹಾಡಿನಷ್ಟೇ ಮುಂದೆ ಬಂದು ನಿಂತಿತ್ತು. ಹಿಮ್ಮೇಳದ ಧ್ವನಿಗಳಿಗೆ ಈ ಶ್ರಮ ಬೇಡ. ಎಲ್ಲವನ್ನೂ ಒಂದು ಬಸ್‌ಗೆ (ಹಲವು ಟ್ರ್ಯಾಕ್ ಕೂಡುವ ಚಾನೆಲ್) ಕಳಿಸಿ ಎಲ್‌ಎ-2ಎ ಒಂದೇ ಸಾಕು.

ಪರೀಕ್ಷಿಸಲು ಸ್ಪೀಕರನ್ನು ಕೇಳಿಸಿಯೂ ಕೇಳಿಸದಷ್ಟು ತಗ್ಗಿಸಿ, ಮೊನೊದಲ್ಲಿ ಪೂರ್ತಿ ಹಾಡು ಕೇಳಿ. ಯಾವ ಪದ ಮಾಯವಾಗುತ್ತದೋ ಅಲ್ಲಿ ಒಂದು ಡಿಬಿ ಫೇಡರ್ ಆಟೊಮೇಶನ್ ಕೊಡಿ.

ಇನ್ನು ಸೆಟ್ಟಿಂಗ್ ಹಂಚಿಕೊಳ್ಳುವವರಿಗೆ ಒಂದು ವಿನಂತಿ. "ಥ್ರೆಶೋಲ್ಡ್ ಮೈನಸ್ 20 ಇಡಿ" ಎಂದರೆ ಕೇಳಿದವರಿಗೆ ಏನೂ ಸಿಗುವುದಿಲ್ಲ, ಅವರ ರೆಕಾರ್ಡಿಂಗ್ ಮಟ್ಟವೇ ಬೇರೆ. ಜೋರು ಪದಗಳಲ್ಲಿ ಎಷ್ಟು ಡಿಬಿ ಗೇನ್ ರಿಡಕ್ಷನ್, ಮುಂದಿನ ಪದದೊಳಗೆ ಸೂಜಿ ಸೊನ್ನೆಗೆ ಮರಳುತ್ತದೆಯೇ ಇಲ್ಲವೇ, ಹಾಡಿದ್ದು ಎಂಥ ಕೋಣೆಯಲ್ಲಿ: ಈ ಮೂರನ್ನು ಬರೆಯಿರಿ.