ಮಣ್ಣು ಪರೀಕ್ಷೆ ಮಾಡಿಸಿದೆ, ‘ತಾಮ್ರ ಸಾಕಷ್ಟಿದೆ’ ಅಂತ ಬಂತು

ಶಿರಸಿ ಕಡೆ ಅಡಿಕೆ ತೋಟ ಇರುವವರು ಮಣ್ಣು ಪರೀಕ್ಷೆಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ತೋಟದ ಮೂಲೆಯಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ ಕದಡುವ ಜಾಗ ಇತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, ಅಜ್ಜನ ಕಾಲದಿಂದ ಅಲ್ಲೇ ಕದಡಿದ್ದು, ಡ್ರಮ್ ತೊಳೆದ ನೀರು ಚೆಲ್ಲಿದ್ದೂ ಅಲ್ಲೇ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ತಾಮ್ರ ಮಾತ್ರ ಮಣ್ಣಿಗೆ ಕಚ್ಚಿಕೊಂಡು ಉಳಿಯುತ್ತದೆ. ಹೋದ ವರ್ಷ ಆ ಜಾಗದಲ್ಲಿ ಅಲಸಂದೆ ಹಾಕಿದೆವು. ಮೊಳಕೆ ಚೆನ್ನಾಗೇ ಬಂತು, ಆಮೇಲೆ ಗಿಡ ಹಳದಿಯಾಗಿ ನಿಂತುಬಿಟ್ಟಿತು.

ಪೇಟೆಯ ಒಂದು ಲ್ಯಾಬಿಗೆ ಮಣ್ಣು ಕೊಟ್ಟೆ. 350 ರೂಪಾಯಿ, 9 ದಿನಕ್ಕೆ ರಿಪೋರ್ಟ್, ಅದೂ ಕನ್ನಡದಲ್ಲಿ. ಇಷ್ಟರ ಮಟ್ಟಿಗೆ ಖುಷಿಯಾಯಿತು. ಪಿಎಚ್ 5.3, ಅಂದರೆ ಹುಳಿ ಮಣ್ಣು. ತಾಮ್ರ 41 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 41 ಭಾಗ), ಪಕ್ಕದಲ್ಲಿ ‘ಸಾಕಷ್ಟಿದೆ’! ವಿಷಯ ಏನೆಂದರೆ, ಈ ರಿಪೋರ್ಟು ಕೊರತೆ ಹುಡುಕಲಿಕ್ಕೆ ಮಾಡಿದ್ದು. 0.2 ಪಿಪಿಎಂ ದಾಟಿದರೆ ಸಾಕು, 1 ಇರಲಿ 41 ಇರಲಿ ಒಂದೇ ಮಾತು. ಜಾಸ್ತಿಯಾದರೆ ಏನು ಅಂತ ಕೌಂಟರಿನಲ್ಲಿ ಕೇಳಿದೆ, ಅವರು ರಿಪೋರ್ಟನ್ನೇ ಮತ್ತೊಮ್ಮೆ ಓದಿ ಹೇಳಿದರು. ರೈತ ಇದನ್ನು ನಂಬಿಕೊಂಡು ಹೋಗುತ್ತಾನೆ ಅಲ್ವಾ? ನನಗೆ ನಿಜಕ್ಕೂ ಬೇಜಾರಾಯಿತು. ಸೀಸ, ಕ್ಯಾಡ್ಮಿಯಂ ಅಂತೂ ಮಾಮೂಲಿ 12 ಅಂಶಗಳ ಪಟ್ಟಿಯಲ್ಲೇ ಇಲ್ಲ, ಬೇಕಾದರೆ ಬೇರೆಯಾಗಿ ಕೇಳಿ ಮಾಡಿಸಬೇಕು.

ಕೊನೆಗೆ ಮನೆಯಲ್ಲೇ ನೋಡಿದೆ. ಒಂದು ಕುಂಡಕ್ಕೆ ಆ ಮೂಲೆಯ ಮಣ್ಣು, ಇನ್ನೊಂದಕ್ಕೆ ಗದ್ದೆಯ ಮಣ್ಣು, ತಲಾ 20 ಅಲಸಂದೆ ಬೀಜ. ಮೊಳೆತಿದ್ದು 18 ಮತ್ತು 19. ಮೊಳಕೆ ಎಣಿಸಿ ಸುಮ್ಮನಾದರೆ ಮೋಸ ಹೋಗುತ್ತೀರಿ. ಬೀಜದ ಸಿಪ್ಪೆ ಲೋಹವನ್ನು ಒಂದಷ್ಟು ತಡೆಯುತ್ತದೆ, ಊಟವೂ ಬೀಜದೊಳಗೇ ಇರುತ್ತದೆ. ಪೆಟ್ಟು ಬೀಳುವುದು ಬೇರು ಹೊರಗೆ ಬಂದ ಮೇಲೆ. 25ನೇ ದಿನ ಕಿತ್ತು ತೊಳೆದೆ. ಗದ್ದೆ ಮಣ್ಣಿನ ಗಿಡದ ಬೇರು ಉದ್ದ, ಬಿಳಿ, ಮೈತುಂಬ ಗಂಟು, ಗಂಟು ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಅಂತ. ಮೂಲೆ ಮಣ್ಣಿನದು ಮೋಟು ಬೇರು, ಕಂದು ಬಣ್ಣ, ಗಂಟು ಅಲ್ಲೊಂದು ಇಲ್ಲೊಂದು, ಒಳಗೆ ಬರೀ ಬಿಳಿಚು.

ಮಣ್ಣು ಹುಳಿಯಾದಷ್ಟೂ ತಾಮ್ರ ಬೇರಿಗೆ ಸುಲಭವಾಗಿ ಸಿಗುತ್ತದೆ, ಹಾಗಾಗಿ ಈ ಸಲ ಹುಳಿ ಇಳಿಸಲು ಸುಣ್ಣ, ಜೊತೆಗೆ ಕೊಟ್ಟಿಗೆ ಗೊಬ್ಬರ ಎರಡೂ ಹಾಕಿದ್ದೇನೆ.

ಲ್ಯಾಬಿಗೆ 5ಕ್ಕೆ 3. ಪಿಎಚ್ ತಿಳಿಯಲು ಖಂಡಿತ ಹೋಗಿ. ತಾಮ್ರದ ಸಾಲಿನಲ್ಲಿ ಅಂಕಿ ನೋಡಿ, ಪಕ್ಕದ ಮಾತು ಬಿಡಿ.