ಪೆಟ್ಟಿಗೆ ಮೇಲಿನ ವೇಗ ನೋಡಿ ಏರ್ ರೈಫಲ್ ಕೊಳ್ಳಬೇಡಿ

ಮೊದಲ ಸಲ ಏರ್ ರೈಫಲ್ (ಮದ್ದಿನ ಬದಲು ಗಾಳಿಯ ಒತ್ತಡದಿಂದ ಹೊಡೆಯುವ ಬಂದೂಕು) ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ನನ್ನ ಮೊದಲ ರೈಫಲ್ ನಾಲ್ಕೇ ತಿಂಗಳಲ್ಲಿ ಹಾಳಾಯಿತು. ಅದು ಹೋದರೆ ಹೋಗಲಿ. ಒಂದು ಪ್ರಾಣಿ ನನ್ನ ಕೈಯಿಂದ ನರಳಿತು. ಅಕ್ಕನ ಮಗನ ಕಣ್ಣು ಕೂದಲೆಳೆಯಲ್ಲಿ ಉಳಿಯಿತು. ಇದೆಲ್ಲ ಶುರುವಾಗಿದ್ದು ಜೋರಾದ ಶಬ್ದವನ್ನೇ ನಾನು ಶಕ್ತಿ ಅಂತ ನಂಬಿದ್ದರಿಂದ.

ನನಗೆ ರೈಫಲ್ ಬೇಕಿದ್ದುದು ಎರಡು ಕೆಲಸಕ್ಕೆ. ಬಿಡುವಿದ್ದಾಗ ಖಾಲಿ ಡಬ್ಬಗಳಿಗೆ ಗುರಿಯಿಟ್ಟು ಹೊಡೆಯುವುದು ಒಂದು. ಉಗ್ರಾಣದಲ್ಲಿ ಮೂಟೆ ಕೊರೆಯುತ್ತಿದ್ದ ಹೆಗ್ಗಣಗಳನ್ನು ಕಡಿಮೆ ಮಾಡುವುದು ಇನ್ನೊಂದು. ಎರಡಕ್ಕೂ ಸಾಧಾರಣ ಶಕ್ತಿಯ ರೈಫಲ್ ಧಾರಾಳವಾಗಿ ಸಾಕು. ಆದರೆ ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಾಗ ನನ್ನ ಕಣ್ಣು ಹೋಗಿದ್ದು ದೊಡ್ಡ ಅಂಕಿಯ ಕಡೆಗೆ. ಒಂದರ ಮೇಲೆ ಸೆಕೆಂಡಿಗೆ 1250 ಅಡಿ ಅಂತ ಇತ್ತು. ಪಕ್ಕದ್ದರ ಮೇಲೆ 800. ಯಾವುದು ತೆಗೆದುಕೊಂಡೆ ಅಂತ ಹೇಳಬೇಕಾಗಿಲ್ಲ.

ಆ ಅಂಕಿ ಹೇಗೆ ಬರುತ್ತದೆ ಅಂತ ಆಮೇಲೆ ತಿಳಿಯಿತು. ತುಂಬಾ ಹಗುರವಾದ ಮಿಶ್ರಲೋಹದ ಪೆಲೆಟ್ (ಏರ್ ರೈಫಲ್‌ನ ಚಿಕ್ಕ ಗುಂಡು) ಹಾಕಿ ಅಳೆದ ವೇಗ ಅದು. ಮಾಮೂಲಿ ಸೀಸದ ಪೆಲೆಟ್ ಹಾಕಿದರೆ ಅಷ್ಟು ವೇಗ ಬರುವುದಿಲ್ಲ. ಬಂದರೂ ಅದರಿಂದ ಒಳ್ಳೆಯದಾಗುವುದಿಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ. ನಡು ಸಣ್ಣ, ಹಿಂಭಾಗ ಲಂಗದಂತೆ ಅಗಲ ಇರುವ ಏರ್‌ಗನ್ ಪೆಲೆಟ್ ಆ ವೇಗದ ಹತ್ತಿರ ಹೋದರೆ ಓಲಾಡಲು ಶುರುಮಾಡುತ್ತದೆ. ಗುರಿ ತಪ್ಪುತ್ತದೆ. ಅದಕ್ಕೇ ಅನುಭವಸ್ಥರು ಸೆಕೆಂಡಿಗೆ 600ರಿಂದ 900 ಅಡಿಯ ನಡುವೆ ಇರುವುದನ್ನೇ ಇಷ್ಟಪಡುತ್ತಾರೆ. ನನ್ನದು ಬ್ಯಾರೆಲ್ಲನ್ನು (ನಳಿಗೆಯನ್ನು) ಕೀಲಿನಲ್ಲಿ ಮಡಚಿ ಕೆಳಗೆ ಎಳೆದು ಒಳಗಿನ ಸ್ಪ್ರಿಂಗ್ ಬಿಗಿ ಮಾಡುವ ಮಾದರಿ. ಶಕ್ತಿ ಜಾಸ್ತಿ ಅಂದರೆ ಸ್ಪ್ರಿಂಗ್ ಕೂಡ ಬಿಗಿ ಅಲ್ವಾ? ಮೂವತ್ತು ಸಲ ಎಳೆಯುವಷ್ಟರಲ್ಲಿ ಭುಜ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಗುರಿ ಕಲಿಯುವುದು ಎಲ್ಲಿಂದ ಬಂತು?

ಮೊದಲ ದಿನವೇ ಪೆಟ್ಟಿಗೆಯಿಂದ ತೆಗೆದು, ಒರೆಸದೆ, ಪೆಲೆಟ್ ಹಾಕಿ ಹೊಡೆದೆ. ಬಂದೂಕಿನ ಹಾಗೆ ಢಮ್ ಅಂತ ಶಬ್ದ ಬಂತು. ಬ್ಯಾರೆಲ್ ಬಾಯಲ್ಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ನನಗೆ ಖುಷಿಯೋ ಖುಷಿ. ಕೊಟ್ಟ ದುಡ್ಡಿಗೆ ತಕ್ಕ ಶಕ್ತಿ ಇದೆ ಅಂದುಕೊಂಡೆ.

ನಿಜವಾಗಿ ಆಗುತ್ತಿದ್ದುದು ಬೇರೆ. ಹೊಸ ರೈಫಲ್‌ನ ಒಳಗೆ ಕಾರ್ಖಾನೆಯಲ್ಲಿ ಹಾಕಿದ ಎಣ್ಣೆ, ಗ್ರೀಸ್ ಇರುತ್ತದೆ. ಟ್ರಿಗರ್ ಎಳೆದಾಗ ಸ್ಪ್ರಿಂಗ್, ಗಾಳಿಯನ್ನು ಒತ್ತುವ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಒಳಗಿನ ಗಾಳಿ ಒತ್ತಿಹೋಗಿ ವಿಪರೀತ ಬಿಸಿಯಾಗುತ್ತದೆ. ಆ ಬಿಸಿಗೆ ಎಣ್ಣೆ ಹತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಕೆಲಸ ಮಾಡುವುದೂ ಹೀಗೆಯೇ. ಅದಕ್ಕೇ ಇದನ್ನು ಡೀಸೆಲಿಂಗ್ ಅನ್ನುತ್ತಾರೆ. ಹೊಸ ರೈಫಲ್‌ನಲ್ಲಿ ಮೊದಮೊದಲು ತುಸು ಹೊಗೆ ಕಾಣಿಸಿಕೊಳ್ಳುವುದು ಸಹಜ. ಆದರೆ ಪ್ರತಿ ಸಲ ಢಮ್ ಅಂದರೆ ಒಳಗೆ ಸಣ್ಣ ಸ್ಫೋಟವೇ ಆಗುತ್ತಿದೆ ಅಂತ ಅರ್ಥ. ಮುಂದಕ್ಕೆ ನುಗ್ಗುತ್ತಿರುವ ಪಿಸ್ಟನ್ನನ್ನು ಅದು ಹಿಂದಕ್ಕೆ ಗುದ್ದುತ್ತದೆ. ಸ್ಪ್ರಿಂಗ್ ಸೊಟ್ಟಗಾಗುತ್ತದೆ, ಗಾಳಿ ಸೋರದಂತೆ ತಡೆಯುವ ಸೀಲ್ ಸುಡುತ್ತದೆ.

ಸುಮಾರು ಐವತ್ತು ಪೆಲೆಟ್ ಆದ ಮೇಲೆ ಶಬ್ದ ತಾನಾಗಿಯೇ ತಗ್ಗಿತು. ಹೊಗೆಯೂ ನಿಂತಿತು. ಶಕ್ತಿ ಇಳಿದುಹೋಯಿತು ಅಂತ ಗಾಬರಿಯಾದೆ. ಗಾಳಿ ಹೊರಬರುವ ತೂತಿನಲ್ಲಿ ನಾಲ್ಕು ಹನಿ ಮೆಷಿನ್ ಎಣ್ಣೆ ಬಿಟ್ಟೆ. ಶಬ್ದ ವಾಪಸ್ ಬಂತು. ಆಮೇಲೆ ತಗ್ಗಿದಾಗೆಲ್ಲ ಎಣ್ಣೆ ಬಿಡುವುದೇ ಅಭ್ಯಾಸವಾಯಿತು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸ್ಪ್ರಿಂಗ್ ರೈಫಲ್‌ನ ಆ ತೂತಿನೊಳಗೆ ಹೊಲಿಗೆ ಮೆಷಿನ್ ಎಣ್ಣೆ, ಇಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ, ಯಾವುದನ್ನೂ ಹಾಕಬೇಡಿ.

ಇದರ ಜೊತೆಗೆ ಸ್ಕೋಪ್, ಅಂದರೆ ಗುರಿಯನ್ನು ಹತ್ತಿರ ಮಾಡಿ ತೋರಿಸುವ ದುರ್ಬೀನಿನ ಕಥೆ. ಸ್ನೇಹಿತರೊಬ್ಬರು ತಮ್ಮ ದೊಡ್ಡ ಬಂದೂಕಿನ ಸ್ಕೋಪ್ ಕೊಟ್ಟಿದ್ದರು. ದೊಡ್ಡ ಬಂದೂಕಿಗೇ ತಡೆದದ್ದು ಏರ್‌ಗನ್‌ಗೆ ತಡೆಯದೇ ಅಂತ ಕೂರಿಸಿದೆ. ತಡೆಯಲಿಲ್ಲ. ಬಂದೂಕು ಒದೆಯುವುದು ಹಿಂದಕ್ಕೆ ಮಾತ್ರ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿದಾಗ ಮುಂದಕ್ಕೂ ಎಳೆಯುತ್ತದೆ. ಆ ಮುಂದಿನ ಎಳೆತಕ್ಕೆ ಮಾಮೂಲಿ ಸ್ಕೋಪ್‌ಗಳನ್ನು ಕಟ್ಟಿರುವುದಿಲ್ಲ. ಎರಡು ವಾರದಲ್ಲಿ ಒಳಗಿನ ಅಡ್ಡಗೆರೆ ವಾಲಿತು. ಅಷ್ಟು ಹೊತ್ತಿಗೆ ಸ್ಕೋಪ್ ಕೂಡ ಹಳಿಯ ಮೇಲೆ ಇಷ್ಟಿಷ್ಟೇ ಹಿಂದಕ್ಕೆ ಜಾರಿತ್ತು. ಅದು ಜಾರದಂತೆ ಹಿಂದೆ ತಡೆಗುಬ್ಬಿ ಇರಬೇಕು ಅಂತ ಯಾರೂ ಹೇಳಿರಲಿಲ್ಲ. ಗುರಿ ತಪ್ಪಿದಾಗೆಲ್ಲ ನಾನು ಸ್ಕೋಪ್ ತಿರುಪು ತಿರುಗಿಸುತ್ತಾ ಕೂತೆ. ಎಣ್ಣೆ ಉರಿದಾಗ ಒಂದು ವೇಗ, ಉರಿಯದಾಗ ಇನ್ನೊಂದು ವೇಗ. ಪೆಲೆಟ್ ಒಂದೇ ಕಡೆ ಬೀಳುವುದಾದರೂ ಹೇಗೆ?

ಹೆಗ್ಗಣದ ವಿಷಯ ಬರೆಯಲು ಈಗಲೂ ಕಷ್ಟವಾಗುತ್ತದೆ. ಕಾಗದದ ಮೇಲೆ ನನ್ನ ಹತ್ತು ಪೆಲೆಟ್‌ಗಳು ಅಂಗೈ ಅಗಲಕ್ಕೆ ಚದುರುತ್ತಿದ್ದವು. ಗೊತ್ತಿದ್ದೂ 25 ಮೀಟರ್ ದೂರದಿಂದ ಹೊಡೆದೆ. ತಲೆಗೆ ಇಟ್ಟ ಗುರಿ ಸೊಂಟಕ್ಕೆ ಬಿತ್ತು. ಅದು ಕಿರುಚುತ್ತಾ ಹಿಂಗಾಲು ಎಳೆದುಕೊಂಡು ಬಿಲದೊಳಗೆ ಹೋಯಿತು. ಎರಡು ದಿನ ಬಿಲದ ಹತ್ತಿರ ಕಾದೆ. ಹೊರಗೆ ಬರಲೇ ಇಲ್ಲ. ನಮಗೆ ಅದು ಕಾಟ ಕೊಡುವ ಪ್ರಾಣಿ ಇರಬಹುದು. ಹಾಗಂತ ಅದನ್ನು ಹಾಗೆ ಸಾಯಲು ಬಿಡುವ ಹಕ್ಕು ನನಗಿರಲಿಲ್ಲ. ತಕ್ಷಣ ಸಾಯಬೇಕಾದರೆ ಪೆಲೆಟ್ ತಲೆಗೇ ಬೀಳಬೇಕು. ಅಂದರೆ ಸುಮಾರು 25 ಮಿಲಿಮೀಟರ್ ಅಗಲದ ಜಾಗ. ಯಾವ ದೂರದಲ್ಲಿ ನಿಮ್ಮ ಹತ್ತಕ್ಕೆ ಹತ್ತೂ ಪೆಲೆಟ್ ಅಷ್ಟರೊಳಗೆ ಬೀಳುತ್ತವೋ ಆ ದೂರ ನಿಮ್ಮದು. ಅದಕ್ಕಿಂತ ಒಂದು ಹೆಜ್ಜೆ ಆಚೆ ಇದ್ದರೂ ಟ್ರಿಗರ್ ಮುಟ್ಟಬೇಡಿ. ರೈಫಲ್ ಇಟ್ಟುಕೊಳ್ಳಲು, ಯಾವ ಪ್ರಾಣಿಗೆ ಹೊಡೆಯಬಹುದು ಅನ್ನುವುದಕ್ಕೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತಲೂ ಮೊದಲೇ ತಿಳಿದುಕೊಳ್ಳಿ.

ಕೆಲವೇ ದಿನಗಳಲ್ಲಿ ಇನ್ನೊಂದು ಆಯಿತು. ಹಳೆಯ ಟೈರಿನ ಮುಂದೆ ಡಬ್ಬ ನೇತುಹಾಕಿ ಹೊಡೆಯುತ್ತಿದ್ದೆ. ರಬ್ಬರ್ ಮೆತ್ತಗಿದೆ, ಪೆಲೆಟ್ಟನ್ನು ನುಂಗಿಕೊಳ್ಳುತ್ತದೆ ಅಂತ ಲೆಕ್ಕ. ಒಂದು ಪೆಲೆಟ್ ಡಬ್ಬ ತಪ್ಪಿ ಟೈರಿಗೆ ಬಡಿದು ಚೆಂಡಿನ ಹಾಗೆ ವಾಪಸ್ ಬಂತು. ನನ್ನ ಪಕ್ಕ ನಿಂತಿದ್ದ ಅಕ್ಕನ ಮಗನ ಕೆನ್ನೆಗೆ ತಗುಲಿತು. ಕಣ್ಣಿಗಿಂತ ಎರಡು ಬೆರಳು ಕೆಳಗೆ. ರಕ್ತ ಕಂಡ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಇಬ್ಬರೂ ರಕ್ಷಣೆಯ ಕನ್ನಡಕ ಹಾಕಿರಲಿಲ್ಲ. ರಬ್ಬರ್, ಗಟ್ಟಿ ಮರ, ಕಲ್ಲು ಪೆಲೆಟ್ಟನ್ನು ಹಿಂದಕ್ಕೆ ಎಸೆಯಬಲ್ಲವು. ದುಂಡಗಿನ ಉಕ್ಕಿನ ಗುಂಡು ಇನ್ನೂ ಅಪಾಯ, ಅದು ಸೀಸದ ಹಾಗೆ ಚಪ್ಪಟೆಯಾಗುವುದಿಲ್ಲ. ಹಳೆ ಬಟ್ಟೆ ಬಿಗಿಯಾಗಿ ತುಂಬಿದ ಮರದ ಪೆಟ್ಟಿಗೆ, ಅದರ ಬೆನ್ನಿಗೆ ದಪ್ಪ ಕಬ್ಬಿಣದ ತಗಡು, ಇಷ್ಟು ಸಾಕಿತ್ತು. ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು, ಆದ್ದರಿಂದ ಗುರಿಯ ಹಿಂದೆ ಏನಿದೆ ಅಂತಲೂ ನೋಡಬೇಕು.

ಅದಾದ ಮೇಲೆ ರೈಫಲ್ ಎಳೆದಾಗ ಒಳಗೆ ಕರಕರ ಅನ್ನತೊಡಗಿತು. ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಕೊಂಡೊಯ್ದೆ. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಎರಡು ತುಂಡು. ಪಿಸ್ಟನ್ ಸೀಲಿನ ಅಂಚು ಕರಕಲು.

“ಇದಕ್ಕೆ ಎಣ್ಣೆ ಬಿಟ್ರಾ?” ಅಂತ ಕೇಳಿದರು.

“ಹೌದು ಸರ್. ಶಬ್ದ ಕಮ್ಮಿ ಆಯ್ತು ಅಂತ ಬಿಟ್ಟೆ.”

“ಅಯ್ಯೋ, ಶಬ್ದ ಕಮ್ಮಿ ಆದಾಗಲೇ ಅಲ್ವೇನ್ರೀ ಅದು ಪಳಗೋಕೆ ಶುರುವಾಗಿದ್ದು!”

ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಎಳೆದಿದ್ದೀರಾ ಅಂತಲೂ ಕೇಳಿದರು. ಎಳೆದಿದ್ದೆ, ನೋಡಲು ಬಂದವರಿಗೆ ತೋರಿಸಲು. ಮುಂದೆ ಪೆಲೆಟ್ ಇದ್ದರೆ ಒತ್ತಿದ ಗಾಳಿ ಪಿಸ್ಟನ್ನಿಗೆ ದಿಂಬಿನ ಹಾಗೆ ಆಗುತ್ತದಂತೆ. ಇಲ್ಲದಿದ್ದರೆ ಪಿಸ್ಟನ್ ನೇರ ಕಬ್ಬಿಣಕ್ಕೆ ಬಡಿಯುತ್ತದೆ. ತೀರಾ ಹಗುರ ಪೆಲೆಟ್ ಹಾಕಿದರೂ ಸುಮಾರು ಅದೇ ಕಥೆ. ಅಂದರೆ ಪೆಟ್ಟಿಗೆ ಮೇಲಿನ ಆ ಅಂಕಿಯ ಹಿಂದೆ ಹೋಗುವುದೇ ರೈಫಲ್ಲನ್ನು ಹಾಳುಮಾಡುವ ದಾರಿ.

ಎರಡನೆಯದನ್ನು ಅವರ ಮಾತು ಕೇಳಿ ಕೊಂಡೆ. ಒಳಅಗಲ 5.5 ಮಿಲಿಮೀಟರ್ ಇರುವ ಬ್ಯಾರೆಲ್, 16 ಜೌಲ್ ಆಸುಪಾಸಿನ ಶಕ್ತಿ. ಬರೀ ಡಬ್ಬ, ಕಾಗದ ಹೊಡೆಯುವವರಿಗೆ 4.5 ಮಿಲಿಮೀಟರ್ ಸಾಕು, ಪೆಲೆಟ್ಟೂ ಅಗ್ಗ, ಹಾರುವ ದಾರಿಯೂ ನೇರ. ಹೆಗ್ಗಣದ ಕೆಲಸವೂ ಇದ್ದರೆ ದಪ್ಪ ಪೆಲೆಟ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಗಾಳಿ ತುಂಬಿಸಿಟ್ಟುಕೊಳ್ಳುವ ಪಿಸಿಪಿ ರೈಫಲ್‌ಗಳು ಒದೆಯುವುದೇ ಇಲ್ಲ ಅನ್ನಬಹುದು, ಆದರೆ ಒಳಗೆ 200 ಬಾರ್ ಆಸುಪಾಸಿನ, ಅಂದರೆ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡ ಇರುತ್ತದೆ. ಅದಕ್ಕೆ ಆಮ್ಲಜನಕ ತುಂಬಿದರೆ ಸ್ಫೋಟವಾಗಬಹುದು. ಶುಭ್ರವಾದ ಒಣ ಗಾಳಿ ಮಾತ್ರ.

ಈ ಸಲ ಪೆಲೆಟ್ ಹಾಕುವ ಮೊದಲು ಬ್ಯಾರೆಲ್‌ನಲ್ಲಿ ಒಣ ಬಟ್ಟೆ ತುಂಡುಗಳನ್ನು ಎಳೆದೆ. ಮೊದಲನೆಯದು ಕಪ್ಪಗೆ ಬಂತು. ಬೆಳ್ಳಗೆ ಬರುವವರೆಗೂ ಬಿಡಲಿಲ್ಲ. ಹೊಗೆ ಬಂದಿದ್ದು ಹತ್ತು ಹನ್ನೆರಡು ಸಲ, ತೆಳ್ಳಗೆ. ಸ್ಕೋಪ್ ಹಾಕದೆ ರೈಫಲ್ ಮೇಲಿನ ಮಾಮೂಲಿ ಗುರಿಗುಬ್ಬಿಯಲ್ಲೇ 500 ಪೆಲೆಟ್ ಹೊಡೆದೆ. 14ರಿಂದ 16 ಗ್ರೇನ್ (ಸುಮಾರು ಒಂದು ಗ್ರಾಂ) ತೂಕದ, ತಲೆ ದುಂಡಗಿರುವ ಸೀಸದ ಪೆಲೆಟ್‌ಗಳು ಮಾತ್ರ. ನಾಲ್ಕು ಬಗೆಯವನ್ನು ಚಿಕ್ಕ ಡಬ್ಬಿಗಳಲ್ಲಿ ತಂದು ನೋಡಿದೆ. ಒಂದೇ ತೂಕದ ಎರಡು ಬಗೆಯಲ್ಲಿ ಒಂದು ಗುಂಪಾಗಿ ಬಿದ್ದರೆ ಇನ್ನೊಂದು ಚದುರಿತು. ಯಾವುದು ಒಗ್ಗುತ್ತದೆ ಅಂತ ಆ ಬ್ಯಾರೆಲ್ಲೇ ಹೇಳಬೇಕು. ನೂರು ಪೆಲೆಟ್‌ಗೊಮ್ಮೆ ತಿರುಪುಗಳನ್ನು ಮುಟ್ಟಿ ನೋಡಿದೆ, ಎರಡು ಸಲ ಸಡಿಲವಾಗಿದ್ದವು. ಮುಂದಿನ ಕೈಯಲ್ಲಿ ಬಿಗಿಯಾಗಿ ಹಿಡಿಯುವುದನ್ನು ಬಿಟ್ಟೆ. ತೆರೆದ ಅಂಗೈ ಮೇಲೆ ರೈಫಲ್ ಸುಮ್ಮನೆ ಮಲಗಿರಬೇಕು, ಅದು ಹೇಗೆ ಒದೆಯುತ್ತದೋ ಹಾಗೆ ಒದೆಯಲು ಬಿಡಬೇಕು. ಇದೊಂದರಿಂದಲೇ ಕಾಗದದ ಮೇಲೆ ನನ್ನ ಪೆಲೆಟ್‌ಗಳು ಬೀಳುವ ಗುಂಪು ಅರ್ಧಕ್ಕರ್ಧ ಕಿರಿದಾಯಿತು.

ಪೆಲೆಟ್ ಹಾಕುವಾಗ ಮಡಚಿದ ಬ್ಯಾರೆಲ್ಲನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಇರಿ. ಒಳಗಿನ ಕೊಕ್ಕೆ ಜಾರಿದರೆ ಬ್ಯಾರೆಲ್ ಚಿಮ್ಮಿ ಮೇಲೆ ಬರುತ್ತದೆ, ನಡುವೆ ಬೆರಳಿದ್ದರೆ ಹೋಯಿತು ಅಂತಲೇ ಲೆಕ್ಕ. ಎಳೆದಿಟ್ಟ ರೈಫಲ್ಲನ್ನು ಹಾಗೇ ಗೋಡೆಗೆ ಒರಗಿಸಬೇಡಿ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಈಗ ಹೊಡೆದ ಪೆಲೆಟ್‌ಗಳ ಲೆಕ್ಕ 600 ದಾಟಿದೆ. ಶಬ್ದ ಠಕ್ ಅನ್ನುವಷ್ಟೇ. ಉಗ್ರಾಣದಲ್ಲಿ 15 ಮೀಟರ್‌ಗಿಂತ ದೂರಕ್ಕೆ ಇದನ್ನು ಎತ್ತಿಲ್ಲ. ಅಕ್ಕನ ಮಗ ಕನ್ನಡಕ ಹಾಕಿಕೊಂಡು ನನ್ನ ಹಿಂದೆ ಕೂರುತ್ತಾನೆ, ಹತ್ತಾದ ಮೇಲೆ ಕಾಗದ ತಂದು ತೂತು ಅಳೆಯುತ್ತಾನೆ. ಕೆನ್ನೆ ಮೇಲಿನ ಕಲೆ ಇನ್ನೂ ಮಾಸಿಲ್ಲ.