ಎರೆಮಣ್ಣಿನ ನಿವೇಶನದಲ್ಲಿ ಪಾಯದ ಕೆಲಸ: ಮಲೇಬೆನ್ನೂರಿನಲ್ಲಿ ನಾವು ನೇಮಿಸಿದ ಗುತ್ತಿಗೆ ತಂಡದ ಬಗ್ಗೆ

ದಾವಣಗೆರೆ ಜಿಲ್ಲೆಯ ಮಲೇಬೆನ್ನೂರಿನಲ್ಲಿ ನನ್ನ ತಂಗಿಯ 20×30 ಅಡಿ ನಿವೇಶನದಲ್ಲಿ ಮನೆಯ ಪಾಯದ ಕೆಲಸವನ್ನು ಸುತ್ತಮುತ್ತಲಿನ ಊರುಗಳಲ್ಲಿ ಕೆಲಸ ಮಾಡುವ ಚಿಕ್ಕ ಗುತ್ತಿಗೆ ತಂಡವೊಂದಕ್ಕೆ ವಹಿಸಿದ್ದೆವು. ಜಾಲಿ ಕಿತ್ತು ಜಾಗ ಹಸನು ಮಾಡುವುದರಿಂದ ಹಿಡಿದು ಮಾರ್ಕಿಂಗ್, ಪಾಯ ತೋಡುವುದು, ತಳಕ್ಕೆ ಹಾಕುವ ಬೆಡ್ ಕಾಂಕ್ರೀಟ್, ಸೈಜುಗಲ್ಲಿನ ಕಟ್ಟಡ ಮತ್ತು ಒಳಗೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬುವವರೆಗಿನ ಕೆಲಸ ಅವರದು. ಬಹುಪಾಲು ಕೆಲಸ ತೃಪ್ತಿ ತಂದಿದೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ತಕರಾರು ಮಾಡಬೇಕಾಯಿತು.

ಭದ್ರಾ ನಾಲೆಯ ಗದ್ದೆ ಬಯಲಿಗೆ ಅಂಟಿಕೊಂಡ ಜಾಗವಾದ್ದರಿಂದ ಅಲ್ಲಿರುವುದು ಅಪ್ಪಟ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ ಮೇಲುಮೇಲಿನ ಪಾಯ ಹಾಕಿದರೆ, ಎರಡು ಮೂರು ವರ್ಷಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುವುದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮೇಸ್ತ್ರಿ 4 ಅಡಿ ಆಳಕ್ಕೆಂದು ದರ ಹೇಳಿದ್ದರು. ಆದರೆ 4 ಅಡಿಗೆ ಬಂದಾಗ ಅವರೇ ಜೆಸಿಬಿ ನಿಲ್ಲಿಸಿ ಕೆಳಗಿಳಿದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನನಗೆ ತೋರಿಸಿದರು. ‘ಯಜಮಾನ್ರೇ, ಇನ್ನೂ ಎರಿನೇ ಬರ್ತೈತಿ, ಇಲ್ಲಿಗೆ ನಿಲ್ಸೋದು ಬ್ಯಾಡ’ ಎಂದರು. ಐದೂವರೆ ಅಡಿಯಲ್ಲಿ ಕೆಂಪು ಗರಸು ಸಿಕ್ಕಿತು. ಹಾರೆ ಹಾಕಿದರೆ ಖಣ್ ಎನ್ನುವಷ್ಟು ಗಟ್ಟಿಯಾದ ಮೇಲೆಯೇ ತೋಡುವುದನ್ನು ನಿಲ್ಲಿಸಿದರು. ಹೆಚ್ಚಿನ ಆಳಕ್ಕೆ ಯಂತ್ರದ ಗಂಟೆಯ ಬಾಡಿಗೆಯನ್ನಷ್ಟೇ ತೆಗೆದುಕೊಂಡರು.

ಮಾರ್ಕಿಂಗ್ ಕೂಡ ಅಷ್ಟೇ ಶ್ರದ್ಧೆಯಿಂದ ನಡೆಯಿತು. ಮೂಲೆಯಿಂದ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ, ಅವೆರಡರ ನಡುವೆ ಸರಿಯಾಗಿ 10 ಅಡಿ ಬರುವವರೆಗೆ ಗೂಟ ಸರಿಸಿದರು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ 2 ಇಂಚು ವ್ಯತ್ಯಾಸ ಕಂಡದ್ದರಿಂದ, ಆಗಲೇ ಹಾಕಿದ್ದ ಸುಣ್ಣದ ಗೆರೆಯನ್ನು ಅಳಿಸಿ ಮತ್ತೆ ಹಾಕಿದರು. ನಿವೇಶನವೇ ಇಷ್ಟು ಚಿಕ್ಕದಿರುವಾಗ ಆ 2 ಇಂಚು ಮುಂದೆ ಟೈಲ್ಸ್ ಹಾಕುವ ದಿನ ಎದ್ದು ಕಾಣುತ್ತಿತ್ತು.

ತಕರಾರು ಬಂದದ್ದು ತುಂಬುವ ಕೆಲಸದಲ್ಲಿ. ಮೇಸ್ತ್ರಿ ಬೇರೆ ಕಡೆ ಹೋಗಿದ್ದ ದಿನ ಅವರ ಹುಡುಗರು, ತೋಡಿ ಹಾಕಿದ್ದ ಎರೆಮಣ್ಣನ್ನೇ ಒಂದು ಕೋಣೆಯೊಳಗೆ ಎರಡು ಅಡಿ ಎತ್ತರಕ್ಕೆ ಒಂದೇ ಸಲ ಸುರಿದು, ಮೇಲೆ ನೀರು ಬಿಟ್ಟಿದ್ದರು. ಎರಡು ಟ್ರ್ಯಾಕ್ಟರ್ ಲೋಡು ಗರಸು ಉಳಿಸಲು ಹೋಗಿ ಪಾಯವನ್ನು ಅಷ್ಟು ಆಳಕ್ಕಿಳಿಸಿದ ಶ್ರಮವನ್ನೇ ಹಾಳು ಮಾಡುವ ಕೆಲಸವದು, ಏಕೆಂದರೆ ಒಳಗಿನ ಎರೆಮಣ್ಣು ಉಬ್ಬಿದರೆ ನೆಲ ಎದ್ದೇಳುತ್ತದೆ, ಒಣಗಿದರೆ ಕುಸಿಯುತ್ತದೆ. ಪೂರ್ತಿ ತೆಗೆಸಿದೆ. ಮೇಸ್ತ್ರಿ ಮರುದಿನ ಬಂದು ವಾದ ಮಾಡದೆ ಒಪ್ಪಿಕೊಂಡು, ಗರಸನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿಸಿ, ಪ್ರತಿ ಪದರಕ್ಕೂ ನೀರು ಹನಿಸಿ, ಗುದ್ದಿ ದಮ್ಮಸ್ಸು ಮಾಡಿಸಿದರು. ಹೆಚ್ಚಿನ ಕೂಲಿ ಕೇಳಲಿಲ್ಲ. ಆದರೂ ನಾನು ಆ ದಿನ ಹೋಗದಿದ್ದರೆ ಅದು ನೆಲದಡಿಯಲ್ಲಿ ಮುಚ್ಚಿಹೋಗುತ್ತಿತ್ತು ಎಂಬ ಬೇಸರ ಇನ್ನೂ ಇದೆ.

ಹಣದ ವಿಷಯದಲ್ಲಿ ಒಂದು ಮಾತು. ವಸತಿ ಯೋಜನೆಗಳ ಸಹಾಯಧನ ಪಾಯ, ಲಿಂಟಲ್, ಚಾವಣಿ ಎಂದು ಹಂತ ಹಂತವಾಗಿ, ಜಿಪಿಎಸ್ ಫೋಟೊ ತೆಗೆದ ನಂತರ ಬಿಡುಗಡೆಯಾಗುವುದರಿಂದ ಪಾಯದ ಖರ್ಚನ್ನು ಮೊದಲು ಮನೆಯವರೇ ಹೊಂದಿಸಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಬಡ ಕುಟುಂಬಕ್ಕೆ 2.50 ಲಕ್ಷ ರೂಪಾಯಿ ನೆರವಿದ್ದರೂ ಅದು ಮೊದಲ ದಿನ ಕೈಗೆ ಬರುವ ಹಣವಲ್ಲ. ಇದನ್ನು ತಿಳಿದಿದ್ದ ಮೇಸ್ತ್ರಿ ಅರ್ಧ ಹಣಕ್ಕೆ ಮೊದಲ ಕಂತು ಬರುವವರೆಗೆ ಕಾಯಲು ಒಪ್ಪಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ತೋಡಿದ ಮಣ್ಣು ಸಾಗಿಸುವ ಬಾಡಿಗೆಯನ್ನು ಮಾತ್ರ ಅವರು ಮೊದಲು ಹೇಳಿರಲಿಲ್ಲ. ಮಾತುಕತೆಯ ದಿನವೇ ಅದನ್ನು ಬರೆಸಿಕೊಳ್ಳಿ. ನಾಲೆಗೆ ನೀರು ಬಿಡುವ ಮೊದಲು ತೋಡುವ ಕೆಲಸ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಜೌಗು ನೀರು ಪಾಯದೊಳಗೆ ನಿಲ್ಲುತ್ತದೆ.

ಉಳಿದ ಎರಡು ಕೋಣೆಗಳನ್ನು ತುಂಬುವುದಕ್ಕೂ ಇದೇ ತಂಡಕ್ಕೆ ಹೇಳಿದ್ದೇವೆ. ಆ ದಿನಗಳಿಗೆ ನಾನು ರಜೆ ಬರೆದುಕೊಟ್ಟಿದ್ದೇನೆ.